ಮುದಿ ಕುದುರೆ ಸೊರಗಿದೆ: ಹುರುಳಿ ಹೆಚ್ಚಿಸುವ ಮೊದಲು ಬಾಯಿ ನೋಡಿ

ಪ್ರಶ್ನೆ: ನಮ್ಮ ತೋಟ ತುಮಕೂರು ಜಿಲ್ಲೆಯಲ್ಲಿದೆ. ರೇಸಿನಿಂದ ನಿವೃತ್ತಿಯಾಗಿ, ಆಮೇಲೆ ಕೆಲವು ವರ್ಷ ಸವಾರಿ ಶಾಲೆಯಲ್ಲಿ ದುಡಿದ ಥರೋಬ್ರೆಡ್ ಹೆಣ್ಣು ಕುದುರೆಯೊಂದನ್ನು ಒಂಬತ್ತು ವರ್ಷದಿಂದ ಸಾಕಿದ್ದೇವೆ. ಈಗ ಅದಕ್ಕೆ 24 ವರ್ಷ. ಕಳೆದ ಮಳೆಗಾಲದಿಂದ ಪಕ್ಕೆಲುಬು ಎಣಿಸುವಷ್ಟು ಸೊರಗಿದೆ, ಬೆನ್ನಿನ ಮಾಂಸ ಇಳಿದಿದೆ, ಹೊಟ್ಟೆ ಮಾತ್ರ ಜೋತುಬಿದ್ದು ದೊಡ್ಡದಾಗಿ ಕಾಣುತ್ತದೆ. ಹಸಿವಿಗೆ ಕೊರತೆಯಿಲ್ಲ. ದಿನಕ್ಕೆರಡು ಹೊತ್ತು ಬೇಯಿಸಿದ ಹುರುಳಿ, ಎರಡು ಕೆಜಿ ಗೋಧಿ ಬೂಸಾ, ಉಳಿದಂತೆ ನೇಪಿಯರ್ ಮತ್ತು ರಾಗಿ ಹುಲ್ಲು ಕೊಡುತ್ತೇವೆ. ಎದೆಯ ಸುತ್ತಳತೆ 168 ಸೆಂ.ಮೀ., ಮೈಯುದ್ದ 156 ಸೆಂ.ಮೀ. ಇದೆ. ಹುರುಳಿ ಹೆಚ್ಚಿಸಿ ಎಂದು ಕೆಲವರು, ಹಸುವಿನ ಪಶು ಆಹಾರ ಮತ್ತು ಬೆಲ್ಲ ಕೊಡಿ ಎಂದು ಕೆಲವರು ಹೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ: ಮೂರರಲ್ಲಿ ಯಾವುದೂ ಬೇಡ. ಪಶು ಆಹಾರವನ್ನಂತೂ ಕುದುರೆಯ ಲಾಯದ ಹತ್ತಿರವೂ ಇಡಬೇಡಿ. ದನ ಮತ್ತು ಕೋಳಿಗಳಿಗೆಂದು ತಯಾರಾಗುವ ಕೆಲವು ಮೇವುಗಳಿಗೆ ಮೊನೆನ್ಸಿನ್, ಸಾಲಿನೊಮೈಸಿನ್ ಮುಂತಾದ ಔಷಧಗಳನ್ನು ಬೆರೆಸಿರುತ್ತಾರೆ. ದನ ತಾಳಿಕೊಳ್ಳುವ ಪ್ರಮಾಣದ ಹತ್ತರಲ್ಲೊಂದು ಭಾಗವೂ ಕುದುರೆಯ ಹೃದಯದ ಸ್ನಾಯುವನ್ನು ಹಾಳುಮಾಡಬಲ್ಲದು, ಅದಕ್ಕೆ ಮದ್ದೂ ಇಲ್ಲ. ಚೀಲದ ಮೇಲಿನ ಚೀಟಿಯಲ್ಲಿ ಅದರ ಹೆಸರು ಇಲ್ಲವೆಂದ ಮಾತ್ರಕ್ಕೆ ಅದೇ ಯಂತ್ರದಲ್ಲಿ ಹಿಂದೆ ಬೆರೆಸಿದ್ದರ ಶೇಷವೂ ಇರಲಾರದು ಎಂದು ನಂಬುವಂತಿಲ್ಲ.

ಹುರುಳಿಯ ವಿಷಯಕ್ಕೆ ಬರುವ ಮೊದಲು ನಿಮ್ಮ ಕುದುರೆ ಎಷ್ಟು ಸೊರಗಿದೆ ಎಂಬುದನ್ನು ಅಂಕಿಯಲ್ಲಿ ಹಿಡಿಯೋಣ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮೈಯುದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ತೂಕ ಹೆಚ್ಚುಕಡಿಮೆ ಕೆಜಿಯಲ್ಲಿ ಸಿಗುತ್ತದೆ. ನೀವು ಕೊಟ್ಟ ಅಳತೆಗೆ ಅದು ಸುಮಾರು 370 ಕೆಜಿ. ಮೈಕಟ್ಟನ್ನು ಅಳೆಯಲು ಅಮೆರಿಕದ ಟೆಕ್ಸಾಸ್‌ನಲ್ಲಿ ಹೆನೆಕೆ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ 1ರಿಂದ 9ರವರೆಗಿನ ಅಂಕಪದ್ಧತಿ ಇಂದಿಗೂ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಕುತ್ತಿಗೆ, ಹೆಗಲ ಮೇಲಿನ ಏಣು, ಭುಜದ ಹಿಂಭಾಗ, ಪಕ್ಕೆ, ಸೊಂಟ, ಬಾಲದ ಬುಡ ಈ ಆರು ಕಡೆ ಕೈಯಾಡಿಸಿ ಕೊಬ್ಬನ್ನು ಅಂದಾಜು ಮಾಡಬೇಕು. ಕಣ್ಣಿಗೆ ಪಕ್ಕೆಲುಬು ಕಾಣದೆ, ಕೈಯಿಟ್ಟರೆ ಮಾತ್ರ ಸಲೀಸಾಗಿ ಸಿಕ್ಕರೆ ಅದು 5, ಅಂದರೆ ಹದವಾದ ಮೈ. ನಿಮ್ಮ ವಿವರಣೆಯಂತೆ ನಿಮ್ಮದು 3ರ ಆಸುಪಾಸಿನಲ್ಲಿದೆ. ಒಂದು ಅಂಕ ಏರಲು ಈ ಗಾತ್ರದ ಕುದುರೆಗೆ ಸುಮಾರು 16ರಿಂದ 20 ಕೆಜಿ ಬೇಕು, ಆದ್ದರಿಂದ ನಮ್ಮ ಗುರಿ 405ರಿಂದ 410 ಕೆಜಿ. ಇದಕ್ಕೆ ನಾಲ್ಕೈದು ತಿಂಗಳು ಹಿಡಿದರೆ ಅದನ್ನು ನಿಧಾನ ಎನ್ನಲಾಗದು. ಒಂದು ತಿಂಗಳಲ್ಲಿ ತುಂಬಿಸಹೊರಟರೆ ತುಂಬುವುದಕ್ಕಿಂತ ಮೊದಲು ಕಾಲು ಹೋಗುತ್ತದೆ.

ಕಾಲಿನ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ಇಂಥದೇ ಒಂದು 22 ವರ್ಷದ ಬೀಜ ಒಡೆದ ಗಂಡು ಕುದುರೆ ನನ್ನ ಕೈಗೆ ಬಂದಿತ್ತು. ಸೊರಗಿದೆ ಎಂದ ಕೂಡಲೇ ಓಟ್ಸ್ ಮತ್ತು ಹುರುಳಿಯನ್ನು ಎರಡು ಪಟ್ಟು ಮಾಡಿಸಿದೆ. ಒಂಬತ್ತನೆಯ ದಿನ ಬೆಳಿಗ್ಗೆ ಅದು ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿಕೊಂಡು, ಹೆಜ್ಜೆ ಕಿತ್ತಿಡಲಾರದೆ ನಿಂತಿತ್ತು. ಗೊರಸನ್ನು ಮುಟ್ಟಿದರೆ ಬಿಸಿ. ಗೊರಸಿನ ಒಳಪದರದ ಈ ಉರಿಯೂತಕ್ಕೆ ಲ್ಯಾಮಿನೈಟಿಸ್ ಎನ್ನುತ್ತೇವೆ. ವಾರ ಕಳೆದ ಮೇಲೆ ಬಾಯಿ ತೆರೆಸಿ ನೋಡಿದರೆ ಕೆಳಗಿನ ಒಂದು ದವಡೆ ಹಲ್ಲು ಬಿದ್ದುಹೋಗಿ, ಅದರ ಎದುರಿನ ಮೇಲಿನ ಹಲ್ಲು ಗೂಟದಂತೆ ಬೆಳೆದು ಆ ಗುಂಡಿಯೊಳಕ್ಕೆ ಇಳಿದಿತ್ತು. ಮೊದಲ ದಿನವೇ ನೋಡಬೇಕಾದದ್ದನ್ನು ನಾನು ಕೊನೆಗೆ ನೋಡಿದ್ದೆ.

ಕುದುರೆಯ ಹಲ್ಲು ನಮ್ಮ ಹಲ್ಲಿನಂತಲ್ಲ. ದವಡೆ ಹಲ್ಲಿನ ಬಹುಭಾಗ ಎಳೆ ವಯಸ್ಸಿನಲ್ಲಿ ಎಲುಬಿನೊಳಗೆ ಹುದುಗಿದ್ದು, ಮೇಲೆ ಸವೆದಂತೆಲ್ಲ ವರ್ಷಕ್ಕೆ 2ರಿಂದ 3 ಮಿ.ಮೀ. ಹೊರಗೆ ಬರುತ್ತಲೇ ಇರುತ್ತದೆ. ಇಪ್ಪತ್ತು ದಾಟಿದ ಮೇಲೆ ಈ ದಾಸ್ತಾನು ಮುಗಿಯುತ್ತ ಬರುತ್ತದೆ. ಕೆಲವು ಹಲ್ಲು ನುಣುಪಾಗಿ ಅರೆಯುವ ಗುಣವನ್ನೇ ಕಳೆದುಕೊಳ್ಳುತ್ತವೆ, ಕೆಲವು ಸಡಿಲವಾಗುತ್ತವೆ, ಸಂದುಗಳಲ್ಲಿ ಹುಲ್ಲು ಸಿಕ್ಕಿ ಕೊಳೆತು ಒಸಡು ನೋಯುತ್ತದೆ. ಹಸಿವು ಚೆನ್ನಾಗಿದ್ದೂ ಮೈ ಇಳಿಯುವ ಮುದಿ ಕುದುರೆಗಳಲ್ಲಿ ನಾನು ಮೊದಲು ಸಂಶಯಿಸುವುದು ಇದನ್ನೇ. ಇದಕ್ಕೆ ವೈದ್ಯರು ಬರುವವರೆಗೆ ಕಾಯಬೇಕಿಲ್ಲ, ಇವತ್ತೇ ಎರಡು ಜಾಗ ನೋಡಿ. ಮೊದಲನೆಯದು ಗೊಂತಿನ ಸುತ್ತಲಿನ ನೆಲ. ಹುಲ್ಲನ್ನು ಬಾಯಲ್ಲಿ ಹೊರಳಾಡಿಸಿ, ನುಂಗಲಾರದೆ ಉಗುಳಿದ ಉಂಡೆಗಳು ಅಲ್ಲಿ ಬಿದ್ದಿರುತ್ತವೆ. ಹೆಬ್ಬೆರಳು ಗಾತ್ರದ, ಜೊಲ್ಲಿನಿಂದ ಅಂಟಂಟಾದ, ಹಗ್ಗದಂತೆ ಹೊಸೆದುಕೊಂಡ ಹಸಿರು ಸುರುಳಿಗಳವು. ಒಣಗಿದ ಮೇಲೆ ಬೆಕ್ಕು ಕಾರಿದ ಕೂದಲುಂಡೆಯಂತೆ ಕಾಣುತ್ತವೆ, ಗುಡಿಸುವವರು ಕಸವೆಂದು ಗುಡಿಸಿಬಿಡುತ್ತಾರೆ. ಎರಡನೆಯದು ಲದ್ದಿ. ಒಂದು ಉಂಡೆಯನ್ನು ನೀರಿನಲ್ಲಿ ಕದಡಿ, ಜರಡಿಯಲ್ಲಿ ಸೋಸಿ, ಎಳೆಗಳನ್ನು ಕಾಗದದ ಮೇಲೆ ಹರಡಿ. ಒಂದು ಸೆಂ.ಮೀ.ಗಿಂತ ಉದ್ದದ ಎಳೆಗಳೇ ಹೆಚ್ಚಾಗಿದ್ದರೆ, ಹುರುಳಿಕಾಳು ಇಡಿಯಾಗಿಯೇ ಸಿಕ್ಕರೆ, ಕುದುರೆ ತಿಂದದ್ದನ್ನು ಅರೆಯುತ್ತಿಲ್ಲ ಎಂದು ತಿಳಿಯಿರಿ.

ದಂತಪರೀಕ್ಷೆಗೆ ಕುದುರೆ ವೈದ್ಯರನ್ನೇ ಕರೆಸಿ. ಮಂಪರಿನ ಮದ್ದು ಕೊಟ್ಟು, ಬಾಯಿಗೆ ಕಬ್ಬಿಣದ ತೆರಪುಪಟ್ಟಿ ಹಾಕಿ, ದೀಪ ಹಿಡಿದು ಕೊನೆಯ ದವಡೆ ಹಲ್ಲಿನವರೆಗೆ ನೋಡಬೇಕು. ನಾಲಿಗೆಯನ್ನು ಪಕ್ಕಕ್ಕೆಳೆದು ಎದುರಿನ ಹಲ್ಲು ನೋಡಿ ‘ಚೆನ್ನಾಗಿದೆ’ ಎನ್ನುವುದು ಪರೀಕ್ಷೆಯಲ್ಲ. ಚೂಪಾದ ಅಂಚುಗಳನ್ನು ಅರದಿಂದ ಉಜ್ಜಿ ನಯಗೊಳಿಸಬಹುದು, ಅಲ್ಲಾಡುವ ಹಲ್ಲನ್ನು ಕೀಳಬಹುದು. ಆದರೆ ಈ ವಯಸ್ಸಿನಲ್ಲಿ ಉಳಿದಿರುವುದೇ ಸ್ವಲ್ಪ, ಆದ್ದರಿಂದ ಎಲ್ಲವನ್ನೂ ಸಮತಟ್ಟು ಮಾಡುವ ಉತ್ಸಾಹ ಬೇಡವೆಂದು ವೈದ್ಯರಿಗೆ ನೀವೇ ವಿನಯದಿಂದ ಹೇಳಿದರೂ ತಪ್ಪಿಲ್ಲ. ಇನ್ನು ಮುಂದೆ ಆರು ತಿಂಗಳಿಗೊಮ್ಮೆ ಬಾಯಿ ನೋಡಿಸಿ.

ಬಾಯಿಯ ಜೊತೆಗೆ ರಕ್ತವನ್ನೂ ಪರೀಕ್ಷಿಸಬೇಕು, ಏಕೆಂದರೆ ನೀವು ಬರೆದ ಎರಡು ಲಕ್ಷಣಗಳು ನನ್ನನ್ನು ಬೇರೆ ದಿಕ್ಕಿಗೂ ಎಳೆಯುತ್ತವೆ. ಬೆನ್ನಿನ ಸ್ನಾಯು ಕರಗಿ ಹೊಟ್ಟೆ ಜೋತುಬೀಳುವುದು ಮುದಿ ಕುದುರೆಗಳ ಕುಶಿಂಗ್ ಕಾಯಿಲೆಯ ಚಹರೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಒಂದು ಭಾಗ ಹತೋಟಿ ತಪ್ಪಿ ಹಾರ್ಮೋನು ಸುರಿಸುವುದರಿಂದ ಇದು ಬರುತ್ತದೆ. 15 ವರ್ಷ ದಾಟಿದ ಕುದುರೆಗಳಲ್ಲಿ ಇದು ಅಪರೂಪವೇನಲ್ಲ. ಬೇಸಗೆ ಬಂದರೂ ಉದುರದ ಉದ್ದ ರೋಮ, ವಿಪರೀತ ನೀರಡಿಕೆ, ಮತ್ತೆಮತ್ತೆ ಬರುವ ಗೊರಸಿನ ನೋವು ಇದ್ದರೆ ಸಂಶಯ ಬಲವಾಗುತ್ತದೆ. ರಕ್ತದಲ್ಲಿ ಎಸಿಟಿಎಚ್ ಎಂಬ ಹಾರ್ಮೋನನ್ನು ಅಳೆದು ಗುರುತಿಸುತ್ತಾರೆ. ಮಾದರಿಯನ್ನು ತಣ್ಣಗಿಟ್ಟು ಬೇಗ ತಲುಪಿಸದಿದ್ದರೆ ಫಲಿತಾಂಶ ಕೆಡುತ್ತದೆ. ಕಾಯಿಲೆ ವಾಸಿಯಾಗುವುದಿಲ್ಲ, ಆದರೆ ಪರ್ಗೋಲೈಡ್ ಮಾತ್ರೆಯಿಂದ ಹಿಡಿತದಲ್ಲಿರುತ್ತದೆ. ಈ ಪರೀಕ್ಷೆ ಆಗುವವರೆಗೆ ಬೆಲ್ಲ ಕೊಡಬೇಡಿ ಎನ್ನುವುದೂ ಇದೇ ಕಾರಣಕ್ಕೆ: ಈ ಕಾಯಿಲೆಯಿರುವ ಹಲವು ಕುದುರೆಗಳಲ್ಲಿ ಇನ್ಸುಲಿನ್ ಏರುಪೇರಾಗಿದ್ದು, ಸಿಹಿಯೂ ಪಿಷ್ಟವೂ ನೇರವಾಗಿ ಗೊರಸಿಗೆ ಕುತ್ತು ತರುತ್ತವೆ.

ಮಳೆಗಾಲದಿಂದ ಶುರುವಾಯಿತು ಎಂಬ ಮಾತು ಇನ್ನೊಂದು ಸಂಶಯಕ್ಕೆ ಎಡೆ ಕೊಡುತ್ತದೆ. ಮಳೆ ಶುರುವಾದ ಮೇಲೆ ಹೆಚ್ಚುವ ಕುದುರೆನೊಣಗಳು ಸರ್ರಾ ಎಂಬ ಪರೋಪಜೀವಿ ರೋಗವನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಬಿಟ್ಟುಬಿಟ್ಟು ಜ್ವರ, ಬಿಳಿಚಿದ ಒಸಡು, ಹೊಟ್ಟೆಯ ಅಡಿ ಮತ್ತು ಕಾಲುಗಳಲ್ಲಿ ಬಾವು, ಚೆನ್ನಾಗಿ ತಿನ್ನುತ್ತಲೇ ಸೊರಗುವುದು ಇದರ ಗುರುತು. ಜ್ವರ ಬಂದಾಗ ತೆಗೆದ ರಕ್ತದಲ್ಲಿ ಪರೋಪಜೀವಿ ಸುಲಭವಾಗಿ ಸಿಗುತ್ತದೆ, ಇಲ್ಲದಿದ್ದಾಗ ಪ್ರತಿಕಾಯ ಪರೀಕ್ಷೆ ಬೇಕಾಗುತ್ತದೆ. ಹತ್ತು ದಿನ ಬೆಳಿಗ್ಗೆ ಸಂಜೆ ಉಷ್ಣತೆ ಬರೆದಿಡಿ, 38.5 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ವೈದ್ಯರಿಗೆ ತಿಳಿಸಿ. ರಕ್ತ ಹೀರುವ ಉಣ್ಣಿಗಳಿಂದ ಬರುವ ಪೈರೋಪ್ಲಾಸ್ಮೋಸಿಸ್ ಎಂಬ ಪರೋಪಜೀವಿ ರೋಗಕ್ಕೂ ಅದೇ ರಕ್ತದಲ್ಲಿ ಪರೀಕ್ಷೆ ಮಾಡಿಸಬಹುದು. ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆಯನ್ನು ಮರೆಯಬೇಡಿ, ಅದರ ಮೇಲೆ ಮೇವಿನ ಆಯ್ಕೆ ನಿಂತಿದೆ. ಮೂಗಿನಿಂದ ಅಂಟಾದ ಕೀವು, ಚರ್ಮದ ಮೇಲೆ ಒಡೆಯುವ ಗಂಟು ಕಂಡರೆ ಮಾತ್ರ ಮುಟ್ಟದೆ ಸರ್ಕಾರಿ ಪಶುವೈದ್ಯರಿಗೆ ತಿಳಿಸಿ, ಏಕೆಂದರೆ ಗ್ಲ್ಯಾಂಡರ್ಸ್ ಮನುಷ್ಯರಿಗೂ ಹರಡುವ ರೋಗ.

ಜಂತಿನ ಔಷಧವನ್ನು ಅಂದಾಜಿನ ಮೇಲೆ ಕೊಡುವುದಕ್ಕಿಂತ ಲದ್ದಿಯಲ್ಲಿ ಮೊಟ್ಟೆಗಳನ್ನು ಎಣಿಸಿ, ತೂಕಕ್ಕೆ ತಕ್ಕಂತೆ ಕುದುರೆಗೆಂದೇ ಇರುವ, ಬಾಯಿಯ ಮೂಲಕ ನುಂಗಿಸುವ ಔಷಧ ಕೊಡುವುದು ಒಳ್ಳೆಯದು. ದನದ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಕುದುರೆಗೆ ಚುಚ್ಚುವ ರೂಢಿ ನಮ್ಮಲ್ಲಿದೆ. ಚುಚ್ಚಿದ ಜಾಗದಲ್ಲಿ ಮಾಂಸ ಕೊಳೆಯುವ ಸೋಂಕಾಗಬಹುದು, ಅದನ್ನು ಬಿಡಿ.

ಈಗ ಮೇವು. ನಿಮ್ಮ ಪಟ್ಟಿಯಲ್ಲಿ ನನಗೆ ಹುರುಳಿಗಿಂತ ಚಿಂತೆ ತಂದದ್ದು ಬೂಸಾ ಮತ್ತು ನೇಪಿಯರ್ ಜೊತೆಗೂಡಿರುವುದು. ಒಂದು ಕೆಜಿ ಗೋಧಿ ಬೂಸಾದಲ್ಲಿ ರಂಜಕ ಸುಮಾರು 11 ಗ್ರಾಂ ಇದ್ದರೆ ಕ್ಯಾಲ್ಸಿಯಂ ಒಂದು ಗ್ರಾಂ ಚಿಲ್ಲರೆ ಮಾತ್ರ. ಕುದುರೆಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ, ಕ್ಯಾಲ್ಸಿಯಂ ಯಾವಾಗಲೂ ರಂಜಕಕ್ಕಿಂತ ಹೆಚ್ಚಿರಬೇಕು. ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಹೆಚ್ಚು, ಅದು ಇರುವ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕಿ ಲದ್ದಿಯಲ್ಲಿ ಹೊರಹಾಕುತ್ತದೆ. ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಮೊದಲೇ ಒಡೆಯುತ್ತವೆ, ಆದ್ದರಿಂದ ಹಸುವಿಗೆ ಒಗ್ಗಿದ ಹುಲ್ಲು ಕುದುರೆಗೂ ಒಗ್ಗುತ್ತದೆ ಎಂಬ ಲೆಕ್ಕ ಇಲ್ಲಿ ತಪ್ಪುತ್ತದೆ. ಕೊನೆಗೆ ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಎಲುಬಿನಿಂದ ಕರಗಿ ಬರುತ್ತದೆ. ಮುಖದ ಎಲುಬು ಉಬ್ಬಿ, ಹಲ್ಲು ಸಡಿಲಾಗಿ, ಇಂದು ಒಂದು ಕಾಲು ನಾಳೆ ಇನ್ನೊಂದು ಕಾಲು ಕುಂಟುತ್ತದೆ. ಕಣ್ಣಿನ ಕೆಳಗಿನ ಮುಖದ ಏಣನ್ನು ಎರಡೂ ಕಡೆ ಸವರಿ ನೋಡಿ, ಉಬ್ಬಿದ್ದರೆ ವೈದ್ಯರಿಗೆ ಹೇಳಿ. ನೇಪಿಯರ್ ನಿಲ್ಲಿಸಿ, ಬದಲಿಗೆ ಹಸಿರು ಜೋಳದ ಮೇವು ಹಾಕೋಣ ಎಂದುಕೊಂಡರೆ ಅದೂ ಬೇಡ, ಅದು ಕುದುರೆಯ ಮೂತ್ರಕೋಶ ಮತ್ತು ಹಿಂಗಾಲಿನ ನರಗಳಿಗೆ ಹಾನಿ ಮಾಡಬಲ್ಲದು.

ಹುರುಳಿ ಕೆಟ್ಟದ್ದಲ್ಲ. ನೂರಕ್ಕೆ ಇಪ್ಪತ್ತೆರಡರಷ್ಟು ಸಸಾರಜನಕವಿರುವ, ನಮ್ಮ ಒಣಭೂಮಿಯಲ್ಲಿ ಬೆಳೆಯುವ ಕಾಳು ಅದು. ಚೆನ್ನಾಗಿ ಬೇಯಿಸಿದರೆ ಜೀರ್ಣಕ್ಕೆ ಅಡ್ಡಿಪಡಿಸುವ ಅಂಶಗಳೂ ಕುಂದುತ್ತವೆ. ತೊಂದರೆ ಇರುವುದು ಪ್ರಮಾಣದಲ್ಲಿ. ಕುದುರೆಯ ಜಠರ ಆ ದೊಡ್ಡ ದೇಹಕ್ಕೆ ಹೋಲಿಸಿದರೆ ಚಿಕ್ಕದು, 8ರಿಂದ 15 ಲೀಟರ್ ಮಾತ್ರ. ಒಂದೇ ಹೊತ್ತಿಗೆ ಹೆಚ್ಚು ಕಾಳು ಬಿದ್ದರೆ ಪಿಷ್ಟ ಸಣ್ಣಕರುಳಿನಲ್ಲಿ ಪೂರ್ತಿ ಜೀರ್ಣವಾಗದೆ ಹಿಂಗರುಳಿಗೆ ಜಾರಿ, ಅಲ್ಲಿ ಹುಳಿಯಾಗಿ, ನಾರನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತದೆ. ಹೊಟ್ಟೆಶೂಲೆಯೂ ಗೊರಸಿನ ಉರಿಯೂತವೂ ಹುಟ್ಟುವುದು ಅಲ್ಲಿಂದ. ಕುದುರೆ ಮೂಲತಃ ನಾರಿನಿಂದ ಬದುಕುವ ಪ್ರಾಣಿ. ಹಲ್ಲು ಹೋದ ಮೇಲೂ ಅದಕ್ಕೆ ನಾರೇ ಬೇಕು, ಆ ನಾರನ್ನು ಅದರ ಪರವಾಗಿ ನಾವು ಅಗಿದು ಕೊಡಬೇಕು ಅಷ್ಟೆ.

ಅಗಿದು ಕೊಡುವುದೆಂದರೆ ಹೀಗೆ. ಒಣಗಿಸಿದ ಕುದುರೆಮೆಂತೆಯನ್ನು, ಅಂದರೆ ಲೂಸರ್ನ್ ಸೊಪ್ಪನ್ನು, ಗಿರಣಿಯಲ್ಲಿ ತರಿಯಾಗಿ ಪುಡಿಮಾಡಿಸಿ ದಿನಕ್ಕೆ ಮೂರು ಕೆಜಿ. ಒಣ ಗರಿಕೆಯನ್ನು ಮೇವು ಕತ್ತರಿಸುವ ಯಂತ್ರದಲ್ಲಿ ಎರಡು ಸೆಂ.ಮೀ. ಮೀರದಂತೆ ಕತ್ತರಿಸಿ ಇನ್ನೂ ಮೂರು ಕೆಜಿ. ಇವೆರಡನ್ನೂ ಎರಡು ಪಟ್ಟು ನೀರಿನಲ್ಲಿ ಒಂದು ಗಂಟೆ ನೆನೆಸಿ, ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿನಿಂದ ಜಾರುವ ಅಂಬಲಿಯ ಹದಕ್ಕೆ ತನ್ನಿ. ಒಣ ಪುಡಿಯನ್ನು ಹಾಗೆಯೇ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಕುದುರೆಗೆ ವಾಂತಿ ಮಾಡಲು ಬಾರದು. ಕುದುರೆಮೆಂತೆ ಕ್ಯಾಲ್ಸಿಯಂನ ಗಣಿ, ನಿಮ್ಮ ಬೂಸಾ ಮಾಡಿದ ಹಾನಿಯನ್ನೂ ಅದು ತುಂಬಿಕೊಡುತ್ತದೆ. ಆದರೆ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡ ಸೋತಿರುವುದು ಕಂಡರೆ ಅದನ್ನು ಕಡಿಮೆ ಮಾಡಿ ಗರಿಕೆಯನ್ನು ಹೆಚ್ಚಿಸಬೇಕು. ಬೂಸಾ ರುಚಿಗೆ ಒಂದು ಹಿಡಿ ಸಾಕು. ರಾಗಿ ಹುಲ್ಲನ್ನು ಬಾಯಾಡಿಸಲು ಬಿಡಬಹುದು, ಬೂಷ್ಟು ಹಿಡಿದಿರಬಾರದು. ಉಂಡೆ ಉಗುಳುವುದು ಹೆಚ್ಚಾದರೆ ಅದನ್ನೂ ತೆಗೆಯಿರಿ.

ಇದರ ಮೇಲೆ ಅರ್ಧ ಕೆಜಿ ಹುರುಳಿ, ಕಾಳಿನ ತೂಕದಲ್ಲಿ ಅಳೆದು ಬೇಯಿಸಿ ಮಸೆದದ್ದು. ಅರ್ಧ ಕೆಜಿ ಬೇಯಿಸಿದ ಜವೆಗೋಧಿ. ಕಳೆದುಹೋದ ಸ್ನಾಯುವನ್ನು ಮತ್ತೆ ಕಟ್ಟಲು 300 ಗ್ರಾಂ ಸೋಯಾ ಹಿಂಡಿ. ಕಡಲೆಕಾಯಿ ಹಿಂಡಿ ಅಗ್ಗವೇನೋ ಹೌದು, ಆದರೆ ಅದರಲ್ಲಿ ಶಿಲೀಂಧ್ರದ ವಿಷವಿರುವ ಭಯ ಹೆಚ್ಚು, ಮುದಿ ಯಕೃತ್ತಿಗೆ ಆ ಪರೀಕ್ಷೆ ಬೇಡ. 30 ಗ್ರಾಂ ಉಪ್ಪು, ಕುದುರೆಗೆಂದೇ ತಯಾರಾದ ಖನಿಜ ಮಿಶ್ರಣ ಇರಲಿ. ಎಲ್ಲವನ್ನೂ ದಿನಕ್ಕೆ ಐದು ಪಾಲು ಮಾಡಿ. ಕೊನೆಯ ಪಾಲು ರಾತ್ರಿ ಮಲಗುವ ಮುನ್ನ ಬೀಳಲಿ, ಏಕೆಂದರೆ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಖಾಲಿ ಹೊಟ್ಟೆಯಲ್ಲಿ ನಿಂತ ಕುದುರೆ ಹಗಲಲ್ಲಿ ಗಳಿಸಿದ್ದನ್ನು ರಾತ್ರಿ ಕಳೆಯುತ್ತದೆ, ಜಠರದಲ್ಲಿ ಹುಣ್ಣೂ ಆಗುತ್ತದೆ.

ತೂಕಕ್ಕೆ ನನ್ನ ಮೆಚ್ಚಿನ ಸಾಧನ ಅಡುಗೆ ಎಣ್ಣೆ. ಪಿಷ್ಟವಿಲ್ಲದ ಶಕ್ತಿ ಅದು, 200 ಮಿ.ಲೀ. ಎಣ್ಣೆ ಅರ್ಧ ಕೆಜಿಗೂ ಹೆಚ್ಚು ಓಟ್ಸ್‌ನ ಕೆಲಸ ಮಾಡುತ್ತದೆ. ಅಕ್ಕಿ ತೌಡಿನ ಎಣ್ಣೆಯೋ ಸೂರ್ಯಕಾಂತಿ ಎಣ್ಣೆಯೋ ಆಗಬಹುದು, ಕರಿದು ಉಳಿದದ್ದು ಮಾತ್ರ ಬೇಡ. ಮೊದಲ ದಿನ 30 ಮಿ.ಲೀ. ಹಾಕಿ, ಮೂರು ವಾರದಲ್ಲಿ 200ಕ್ಕೆ ಏರಿಸಿ. ಲದ್ದಿ ಮೆತ್ತಗಾಗಿ ಜಿಡ್ಡು ಕಂಡರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಎಣ್ಣೆ ಹೆಚ್ಚಿಸಿದಾಗ ವಿಟಮಿನ್ ಇ ಕೂಡ ಬೇಕು, 100 ಮಿ.ಲೀ.ಗೆ ಸುಮಾರು 100 ಅಂತರರಾಷ್ಟ್ರೀಯ ಘಟಕದ (ಐ.ಯು.) ಲೆಕ್ಕದಲ್ಲಿ. ತೌಡನ್ನೇ ಕೊಡಬಾರದೇ ಎಂದು ನೀವು ಕೇಳಬಹುದು: ಎಣ್ಣೆ ತೆಗೆದ ತೌಡಿನಲ್ಲಿ ಶಕ್ತಿಯಿಲ್ಲ, ತೆಗೆಯದ ತೌಡು ಕೆಲವೇ ದಿನಕ್ಕೆ ಕಮಟು ಹಿಡಿಯುತ್ತದೆ, ರಂಜಕದ ತಕರಾರು ಎರಡರಲ್ಲೂ ಇದೆ.

ಹಳೆಯ ಮೇವಿನಿಂದ ಹೊಸ ಮೇವಿಗೆ ಬರಲು ಹತ್ತು ಹನ್ನೆರಡು ದಿನ ತೆಗೆದುಕೊಳ್ಳಿ, ಮೂರು ದಿನಕ್ಕೊಮ್ಮೆ ಕಾಲುಭಾಗ ಬದಲಿಸುತ್ತ ಹೋಗಿ. ಈ ಉತ್ತರವನ್ನು ಓದುವ ಬೇರೆ ಯಾರದಾದರೂ ಕುದುರೆ ನಿಮ್ಮದಕ್ಕಿಂತ ಬಹಳ ಸೊರಗಿ ಅಂಕ 1ಕ್ಕೆ ಇಳಿದಿದ್ದರೆ ಈ ಲೆಕ್ಕ ಅನ್ವಯಿಸುವುದಿಲ್ಲ. ಹಾಗೆ ಹಸಿದು ಬಂದ ದೇಹಕ್ಕೆ ಒಮ್ಮೆಲೇ ಕಾಳು ಬಿದ್ದರೆ ರಕ್ತದ ರಂಜಕ ಮತ್ತು ಇತರ ಲವಣಗಳು ಕುಸಿದು ಪ್ರಾಣಕ್ಕೇ ಅಪಾಯ. ಅವುಗಳಿಗೆ ಮೊದಲ ಹತ್ತು ದಿನ ಕಾಳಿಲ್ಲದೆ, ಸ್ವಲ್ಪಸ್ವಲ್ಪವಾಗಿ ಆರು ಹೊತ್ತು ಕುದುರೆಮೆಂತೆ ಮಾತ್ರ, ಅದೂ ವೈದ್ಯರ ಕಣ್ಣೆದುರು.

ತಿನ್ನುವ ಜಾಗವನ್ನೂ ಗಮನಿಸಿ. ನಿಮ್ಮಲ್ಲಿ ಬೇರೆ ಕುದುರೆಯಿದ್ದರೆ ಅಥವಾ ಹಸುಗಳು ಅದೇ ಗೊಂತಿಗೆ ಬಾಯಿ ಹಾಕುತ್ತಿದ್ದರೆ, ಮುದಿ ಕುದುರೆ ಜಗಳವಾಡದೆ ಹಿಂದೆ ಸರಿಯುತ್ತದೆ. ನಾವು ಕೊಟ್ಟದ್ದು ಅದಕ್ಕೆ ಸೇರಿತೆಂದು ಭಾವಿಸಿರುತ್ತೇವೆ. ನೆನೆಸಿದ ಮೇವನ್ನು ತಿನ್ನಲು ಅದಕ್ಕೆ ಮುಕ್ಕಾಲು ಗಂಟೆಯೂ ಬೇಕಾಗಬಹುದು, ಅಷ್ಟು ಹೊತ್ತು ಒಂಟಿಯಾಗಿ ಬಿಡಿ, ಸಂಗಾತಿ ಕಣ್ಣಳತೆಯಲ್ಲಿರಲಿ. ಅಗಲ ಬಾಯಿಯ ಬಕೆಟನ್ನು ನೆಲದಲ್ಲೇ ಇಟ್ಟರೆ ಕುತ್ತಿಗೆ ತಗ್ಗಿ ನುಂಗುವುದು ಸುಲಭ. ಬೇಸಗೆಯಲ್ಲಿ ನೆನೆಸಿದ್ದು ಮೂರು ಗಂಟೆಗೆ ಹುಳಿಯುತ್ತದೆ, ಉಳಿದದ್ದನ್ನು ಚೆಲ್ಲಿ. ಮಂಡಿ, ಗೆಣ್ಣುಗಳಲ್ಲಿ ನೋವಿರುವ ಕುದುರೆ ನೀರಿನ ತೊಟ್ಟಿಯವರೆಗೆ ನಡೆಯಲು ಬೇಸರಿಸಿ ಕಡಿಮೆ ಕುಡಿಯುತ್ತದೆ, ಆದ್ದರಿಂದ ನೀರನ್ನು ಹತ್ತಿರಕ್ಕೆ ತನ್ನಿ. ಮಾಗಿಯ ರಾತ್ರಿಗಳಲ್ಲಿ ನಿಮ್ಮ ಸೀಮೆಯ ಚಳಿಗೆ ಒಂದು ಒಣ ಜೂಲು ಹೊದಿಸಿದರೆ ಮೈ ಬೆಚ್ಚಗಿಡಲು ಖರ್ಚಾಗುವ ಶಕ್ತಿ ಉಳಿಯುತ್ತದೆ, ಆದರೆ ಪ್ರತಿದಿನ ತೆಗೆದು ಪಕ್ಕೆ ಸವರಬೇಕು. ಜೂಲಿನ ಅಡಿಯಲ್ಲಿ ಕುದುರೆ ಸೊರಗಿದ್ದು ಯಾರಿಗೂ ತಿಳಿಯದೇ ಹೋದದ್ದನ್ನು ನೋಡಿದ್ದೇನೆ.

ಹದಿನೈದು ದಿನಕ್ಕೊಮ್ಮೆ, ಬೆಳಗಿನ ಮೇವಿಗೆ ಮೊದಲು, ಅದೇ ಟೇಪಿನಿಂದ ಅದೇ ಜಾಗದಲ್ಲಿ ಅಳೆದು ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೊದಲ ತಿಂಗಳು ಅಂಕಿ ಕದಲದಿದ್ದರೆ ಗಾಬರಿ ಬೇಡ, ರೋಮದ ಹೊಳಪು ಮತ್ತು ಲದ್ದಿಯ ಎಳೆಗಳ ಉದ್ದ ಮೊದಲು ಬದಲಾಗುತ್ತವೆ. ಎರಡು ತಿಂಗಳಾದರೂ ಏರದಿದ್ದರೆ ಮೇವು ಹೆಚ್ಚಿಸಬೇಡಿ, ರೋಗದ ಹುಡುಕಾಟಕ್ಕೆ ಮರಳಿ. 405 ಕೆಜಿ ಮುಟ್ಟಿದ ಮೇಲೆ ಮೊದಲು ಎಣ್ಣೆಯನ್ನು ಅರ್ಧಕ್ಕೆ ಇಳಿಸಿ, ಆಮೇಲೆ ಜವೆಗೋಧಿಯನ್ನು. ಸಂಧಿನೋವಿರುವ ವಯಸ್ಸಿನಲ್ಲಿ ಅಂಕ 6 ದಾಟಿದ ಮೈಯೂ ಹೊರೆಯೇ. ನೆನೆಸಿದ ನಾರನ್ನು ಮಾತ್ರ ಕಡಿಮೆ ಮಾಡಬೇಡಿ. ಮೈ ತುಂಬಿತಲ್ಲ ಎಂದು ಮತ್ತೆ ಉದ್ದ ಹುಲ್ಲಿಗೆ ಮರಳಿದವರ ಕುದುರೆಗಳು ಮುಂದಿನ ಮಳೆಗಾಲಕ್ಕೆ ನನ್ನ ಬಳಿಗೆ ಅದೇ ಪಕ್ಕೆಲುಬಿನೊಂದಿಗೆ ಬಂದಿವೆ, ಏಕೆಂದರೆ ಮೈ ಮರಳಿ ಬಂದರೂ ಹಲ್ಲು ಮರಳಿ ಬಂದಿರುವುದಿಲ್ಲ.